ಯುರೋಪಿಗೆ ಗ್ರೂಪ್ ಟೂರೋ, ಬೆನ್ನಿಗೆ ಬ್ಯಾಗೋ: ನಾನು ಲೆಕ್ಕ ಹಾಕುವ ಬಗೆ

ಟೂರ್ ಕಂಪನಿಯ ಕರಪತ್ರ ಕೈಗೆ ಬಂದರೆ ನಾನು ಮೊದಲು ಎಣಿಸುವುದು ದೇಶಗಳನ್ನಲ್ಲ, ಹೋಟೆಲುಗಳನ್ನು. 12 ರಾತ್ರಿಗೆ ಎಂಟು ಹೋಟೆಲ್ ಇದ್ದರೆ ಹೆಚ್ಚುಕಡಿಮೆ ದಿನ ಬಿಟ್ಟು ದಿನ ಪೆಟ್ಟಿಗೆ ಕಟ್ಟಬೇಕು. ಆಮೇಲೆ ವಿಳಾಸ ನೋಡುತ್ತೇನೆ. ಪ್ಯಾರಿಸ್ ಎಂದು ಅಚ್ಚಾಗಿದ್ದರೂ ಎಷ್ಟೋ ಸಲ ಅದು ವಿಮಾನ ನಿಲ್ದಾಣದ ಪಕ್ಕದ ಹೋಟೆಲ್. ಊಟ ಮುಗಿಸಿ ಅಲ್ಲಿ ಇಳಿಸಿದ ಮೇಲೆ ಸೇನ್ ನದಿಯ ದಂಡೆಯಲ್ಲಿ ಅಡ್ಡಾಡುವ ಮಾತೇ ಇಲ್ಲ. ಬೆಲೆಯ ಸರದಿ ಕೊನೆಗೆ: ಮಧ್ಯಾಹ್ನದ ಊಟ, ಟಿಪ್ಸ್, ಐಚ್ಛಿಕ ಪ್ರವಾಸಗಳು ಸೇರಿವೆಯೇ ಎಂದು ಕೇಳಿ, ಅದರ ಮೇಲೆ ಟಿಸಿಎಸ್ (ಟೂರ್ ಕಂಪನಿ ಮುಂಗಡವಾಗಿ ವಸೂಲಿ ಮಾಡುವ ತೆರಿಗೆ) ಕೂಡಿಸಿ. ಟಿಸಿಎಸ್ ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಾಣಿಕೆ ಆಗುತ್ತದೆ, ಆದರೆ ಬುಕ್ ಮಾಡುವ ದಿನ ಕೈಯಿಂದಲೇ ಹೋಗಬೇಕು.

ಗ್ರೂಪ್ ಟೂರಿನ ಅವಸರಕ್ಕೆ ಜನ ಟೂರ್ ಮ್ಯಾನೇಜರನ್ನು ಬೈಯುತ್ತಾರೆ. ದೊಡ್ಡ ಕಾರಣ ಬಸ್ಸಿನ ಟ್ಯಾಕೋಗ್ರಾಫ್, ಅಂದರೆ ಚಾಲಕ ಓಡಿಸಿದ ಹೊತ್ತನ್ನು ದಾಖಲಿಸುವ ಯಂತ್ರ. ಐರೋಪ್ಯ ಒಕ್ಕೂಟದ ನಿಯಮದಂತೆ ಚಾಲಕ ದಿನಕ್ಕೆ 9 ಗಂಟೆ, ವಾರದಲ್ಲಿ ಎರಡು ದಿನ ಮಾತ್ರ 10 ಗಂಟೆ ಓಡಿಸಬಹುದು. ನಾಲ್ಕೂವರೆ ಗಂಟೆಗೊಮ್ಮೆ 45 ನಿಮಿಷ ಬಿಡುವು, ಮರುದಿನ ಹೊರಡುವ ಮುನ್ನ ಸಾಮಾನ್ಯವಾಗಿ 11 ಗಂಟೆ ವಿಶ್ರಾಂತಿ ಕಡ್ಡಾಯ. ನಾವು ಅಂಗಡಿಯಲ್ಲಿ ಅರ್ಧ ಗಂಟೆ ತಡಮಾಡಿದರೆ ಆ ಅರ್ಧ ಗಂಟೆಯನ್ನು ನೋಡುವ ಜಾಗದಿಂದಲೇ ಕಡಿಯಬೇಕಾಗುತ್ತದೆ. ಬಸ್ಸಿನಲ್ಲಿ ಹೋದರೆ ಪ್ಯಾರಿಸ್‌ನಿಂದ ಸ್ವಿಟ್ಜರ್ಲೆಂಡಿನ ಲೂಸರ್ನ್‌ಗೆ ಒಂದು ಇಡೀ ದಿನ ಬೇಕು.

ಇಷ್ಟಾದರೂ ಮೊಣಕಾಲು ನೋವಿನ ಅಪ್ಪ–ಅಮ್ಮ ಜೊತೆಗಿದ್ದರೆ, ಈರುಳ್ಳಿ–ಬೆಳ್ಳುಳ್ಳಿ ಮುಟ್ಟದವರಿದ್ದರೆ ನಾನು ಎರಡನೇ ಯೋಚನೆ ಮಾಡದೆ ಟೂರ್ ಎನ್ನುತ್ತೇನೆ. ರಾತ್ರಿ ಬಿಸಿ ಅನ್ನ–ಸಾರು ಸಿಗುವುದು, ಪೆಟ್ಟಿಗೆ ಬಸ್ಸಿನ ಹೊಟ್ಟೆಯಲ್ಲೇ ಸಾಗುವುದು ಅವರಿಗೆ ಸಣ್ಣ ಮಾತಲ್ಲ.

ಸ್ವಂತವಾಗಿ ಹೋಗುವವರಿಗೆ ನಾನು ಹಾಕಿಕೊಡುವ ದಾರಿ: ಪ್ಯಾರಿಸ್ 4 ರಾತ್ರಿ, ಸ್ವಿಟ್ಜರ್ಲೆಂಡಿನ ಇಂಟರ್‌ಲಾಕೆನ್ 3, ಫ್ಲಾರೆನ್ಸ್ 2, ರೋಮ್ 3. ಪ್ಯಾರಿಸ್‌ಗೆ ಇಳಿದು ರೋಮ್‌ನಿಂದ ಹಾರಿದರೆ ಹಿಂದಿರುಗುವ ಒಂದು ದಿನ ಉಳಿಯುತ್ತದೆ. ಪ್ಯಾರಿಸ್–ಬಾಸೆಲ್ ಟಿಜಿವಿ (ಫ್ರಾನ್ಸಿನ ವೇಗದ ರೈಲು) ಮೂರು ಗಂಟೆ, ಅಲ್ಲಿಂದ ಇಂಟರ್‌ಲಾಕೆನ್‌ಗೆ ಎರಡು. ಮುಂದೆ ಸ್ಪೀಟ್ಸ್, ಮಿಲಾನ್ ಮೂಲಕ ಫ್ಲಾರೆನ್ಸ್. ಅಲ್ಲಿಂದ ರೋಮ್‌ಗೆ ಒಂದೂವರೆ ಗಂಟೆ. ವೆನಿಸ್ ಬಿಟ್ಟಿದ್ದು ಬೇಕೆಂದೇ. ಐದನೇ ಹೋಟೆಲ್ ಸೇರಿಸಿದರೆ ಬೇರೆ ಮೂರು ಊರು ಸೊರಗುತ್ತವೆ.

ಈ ದಾರಿಯಲ್ಲಿ ಹೆಚ್ಚಿನವರು ಎಡವುವುದು ವೀಸಾದಲ್ಲಿ. ಮೊದಲು ಇಳಿಯುವುದು ಫ್ರಾನ್ಸಿನಲ್ಲಿ ಎಂದು ಫ್ರಾನ್ಸಿಗೆ ಅರ್ಜಿ ಹಾಕುತ್ತಾರೆ. ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ನಿಯಮ ನೋಡುವುದು ಹೆಚ್ಚು ದಿನ ತಂಗುವ ದೇಶವನ್ನು. ಇಲ್ಲಿ ಫ್ಲಾರೆನ್ಸ್, ರೋಮ್ ಸೇರಿ ಇಟಲಿ 5 ರಾತ್ರಿ, ಹಾಗಾಗಿ ಅರ್ಜಿ ಇಟಲಿಗೆ. ದಿನಗಳು ಸಮವಾದಾಗ ಮಾತ್ರ ಮೊದಲು ಕಾಲಿಡುವ ದೇಶ. ವಯಸ್ಕರ ಶುಲ್ಕ 90 ಯೂರೋ (2024ರ ಜೂನ್‌ನಿಂದ), ವೈದ್ಯಕೀಯ ವಿಮೆಯ ರಕ್ಷಣೆ ಕನಿಷ್ಠ 30,000 ಯೂರೋ. ಆರು ತಿಂಗಳು ಮುಂಚೆಯೇ ಅರ್ಜಿ ಕೊಡಬಹುದು. ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಆದ್ದರಿಂದ ಮೂರು ತಿಂಗಳಿಗಿಂತ ತಡ ಬೇಡ. ವೀಸಾ ಕೈಸೇರುವವರೆಗೆ ರದ್ದು ಮಾಡಬಹುದಾದ ಹೋಟೆಲುಗಳನ್ನೇ ಹಿಡಿಯಿರಿ.

ಹಲವು ದೇಶಗಳ ರೈಲಿಗೆ ಒಂದೇ ಟಿಕೆಟ್ ಆದ ಯುರೇಲ್ ಪಾಸ್ ಈ ದಾರಿಗೆ ಬೇಡ. ಟಿಜಿವಿಗೂ ಇಟಲಿಯ ವೇಗದ ರೈಲು ಫ್ರೆಚ್ಚಾರೋಸ್ಸಾಗೂ ಪಾಸ್ ಇದ್ದವರೂ ಸೀಟಿಗೆ ಬೇರೆ ದುಡ್ಡು ಕೊಡಬೇಕು. ಒಂದೆರಡು ತಿಂಗಳು ಮುಂಚೆ ಬಿಡಿ ಟಿಕೆಟ್ ತೆಗೆದುಕೊಂಡರೆ ಸಾಮಾನ್ಯವಾಗಿ ಅದೇ ಅಗ್ಗ. ಜರ್ಮನಿ, ಆಸ್ಟ್ರಿಯಾ ಸುತ್ತುವವರಿಗೆ ಪಾಸ್ ಚೆನ್ನಾಗಿ ಫಲ ಕೊಡುತ್ತದೆ, ಅಲ್ಲಿ ಬಹುತೇಕ ರೈಲಿಗೆ ಸುಮ್ಮನೆ ಹತ್ತಬಹುದು. ಇಂಟರ್‌ಲಾಕೆನ್ ಬಳಿಯ ಹಿಮಬೆಟ್ಟದ ಮೇಲಿನ ಯುಂಗ್‌ಫ್ರೌಯೋಕ್‌ಗೆ ಹೋಗುವುದೇ ಮುಖ್ಯವಾದರೆ ಸ್ವಿಸ್ ಟ್ರಾವೆಲ್ ಪಾಸ್‌ಗಿಂತ ಹಾಫ್ ಫೇರ್ ಕಾರ್ಡ್ ನೋಡಿ: ಪಾಸ್ ಗ್ರಿಂಡೆಲ್‌ವಾಲ್ಡ್‌ನಿಂದ ಮೇಲಕ್ಕೆ ಶೇ 25 ಮಾತ್ರ ಕಡಿಮೆ ಮಾಡುತ್ತದೆ, ಕಾರ್ಡ್ ಅರ್ಧಕ್ಕೆ ಇಳಿಸುತ್ತದೆ.

ಪ್ಯಾರಿಸ್, ರೋಮ್‌ಗಳಲ್ಲಿ ನೋಡುವ ಜಾಗಗಳ ವಾರದ ರಜಾ ದಿನಗಳನ್ನು ಮೊದಲು ಗುರುತಿಸಿ, ಉಳಿದದ್ದನ್ನು ಅದರ ಸುತ್ತ ಜೋಡಿಸಿ. ಲೂವ್ರ್‌ಗೆ ಮಂಗಳವಾರ ರಜೆ, ವರ್ಸೈ ಅರಮನೆಗೆ ಸೋಮವಾರ. ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೆಯದನ್ನು ಬಿಟ್ಟು ಉಳಿದ ಭಾನುವಾರ ತೆರೆಯುವುದಿಲ್ಲ. ಐಫೆಲ್ ಲಿಫ್ಟ್ ಟಿಕೆಟ್ 60 ದಿನ ಮುಂಚೆ, ಕೊಲೋಸಿಯಂ ಟಿಕೆಟ್ 30 ದಿನ ಮುಂಚೆ ಬಿಡುಗಡೆ. ಕೊಲೋಸಿಯಂ ಟಿಕೆಟಿನಲ್ಲಿ ಹೆಸರಿರುತ್ತದೆ. ಇನಿಷಿಯಲ್ ಬಳಸುವ ನಮ್ಮವರು ಪಾಸ್‌ಪೋರ್ಟಿನಲ್ಲಿರುವಂತೆ ಅಕ್ಷರಶಃ ತುಂಬಬೇಕು. ಈ ಎರಡು ಕಡೆ, ಅಂದರೆ ಕೊಲೋಸಿಯಂ ಮತ್ತು ವ್ಯಾಟಿಕನ್‌ನಲ್ಲಿ, ಬ್ಯಾಗ್ ಹೊತ್ತವರೂ ಮೂರು ಗಂಟೆಯ ಗೈಡ್ ಹಿಡಿಯಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ವಿವರಿಸುವವರಿಲ್ಲದೆ ನೋಡಿದರೆ ಅರ್ಧವೂ ದಕ್ಕುವುದಿಲ್ಲ.

ಬ್ಯಾಗು 40 ಲೀಟರ್, ತೂಕ 9 ಕಿಲೋ ಒಳಗೆ. ಕಲ್ಲುಹಾಸಿನ ಬೀದಿ, ಲಿಫ್ಟ್ ಇಲ್ಲದ ಮೆಟ್ರೋ ಮೆಟ್ಟಿಲುಗಳಲ್ಲಿ ಚಕ್ರದ ಪೆಟ್ಟಿಗೆ ಹೊರೆಯೇ. ಹಾಸ್ಟೆಲ್ ಲಾಕರಿಗೆ ಬೀಗ ನಿಮ್ಮದೇ ಇರಲಿ. ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ. ತುಪ್ಪ, ಧಾರವಾಡ ಪೇಡ ಬೇಡ, ಹಾಲಿನ ಪದಾರ್ಥಗಳನ್ನು ಭಾರತದಿಂದ ಒಳಗೆ ಬಿಡುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣದ ಒಳಗಿನವು ಸಾಮಾನ್ಯವಾಗಿ ತೆರೆದಿರುತ್ತವೆ. ಎಟಿಎಂ ‘ರೂಪಾಯಿಯಲ್ಲಿ ಲೆಕ್ಕ ಹಾಕಲೇ’ ಎಂದು ಕೇಳಿದರೆ ಬೇಡ ಎಂದು ಒತ್ತಿ. ಅವರ ವಿನಿಮಯ ದರ ಬ್ಯಾಂಕಿನದಕ್ಕಿಂತ ದುಬಾರಿ. ಇಟಲಿಯ ಪ್ರಾದೇಶಿಕ ರೈಲಿನ ಕಾಗದದ ಟಿಕೆಟನ್ನು ಹತ್ತುವ ಮೊದಲೇ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಹಾಕಿಸಿ, ಇಲ್ಲವಾದರೆ ಟಿಕೆಟ್ ಇದ್ದೂ ದಂಡ ತೆರಬೇಕಾಗುತ್ತದೆ.