ಸಂಕ್ರಾಂತಿ ಕಳೆದ ಮೇಲೆ ಯೂಟಾ: ಐದು ಪಾರ್ಕು, ಒಂದು ಮಿನಿವ್ಯಾನ್

ಜನವರಿಯಲ್ಲಿ ಅಮೆರಿಕದ ಯೂಟಾ, ಅದೂ ಎಪ್ಪತ್ತರ ಆಸುಪಾಸಿನ ಅಪ್ಪ-ಅಮ್ಮನ ಜೊತೆ, ಅದೂ ಫೋರ್ ವೀಲ್ ಇಲ್ಲದ ಬಾಡಿಗೆ ಮಿನಿವ್ಯಾನಿನಲ್ಲಿ ಎಂದಾಗ "ಹಿಮದಲ್ಲಿ ಸಿಕ್ಕಿಹಾಕ್ಕೋತೀರಿ, ಏಪ್ರಿಲ್‌ವರೆಗೆ ಸುಮ್ನಿರಿ" ಎನ್ನದವರೇ ಇರಲಿಲ್ಲ. ಸಿಕ್ಕಿಹಾಕಿಕೊಳ್ಳಲಿಲ್ಲ. ಲಾಸ್ ವೇಗಸ್‌ನಿಂದ ಹೊರಟು ಅಲ್ಲಿಗೇ ವಾಪಸ್: ಒಂಬತ್ತು ದಿನ, ಎಂಟು ರಾತ್ರಿ, ಹತ್ತಿರ ಹತ್ತಿರ 1,400 ಮೈಲಿ. ಜಯಾನ್, ಬ್ರೈಸ್, ಕ್ಯಾಪಿಟಲ್ ರೀಫ್, ಕ್ಯಾನಿಯನ್‌ಲ್ಯಾಂಡ್ಸ್, ಆರ್ಚಸ್ ಐದೂ ನ್ಯಾಷನಲ್ ಪಾರ್ಕು ಆದವು. ಮೇಲೆ ಮಾನ್ಯುಮೆಂಟ್ ವ್ಯಾಲಿಯೂ ಆಯಿತು. ಬೇಡ ಎಂದವರಲ್ಲಿ ಇಬ್ಬರು ಈಗ ಇದೇ ಪಟ್ಟಿ ಹಿಡಿದು ಬುಕ್ ಮಾಡುತ್ತಿದ್ದಾರೆ.

ಜೂನ್ ಮತ್ತು ಅಕ್ಟೋಬರ್ ಎರಡನ್ನೂ ಮೊದಲೇ ಸುಟ್ಟುಕೊಂಡು ನೋಡಿಯಾಗಿತ್ತು. ಜೂನ್‌ನಲ್ಲಿ ಜಯಾನ್ ಕಣಿವೆಯ ತಳ 40 ಡಿಗ್ರಿ ಮುಟ್ಟುತ್ತೆ, ಹಿರಿಯರು ಶಟಲ್ ಬಸ್ಸಿಗೆ ಸಾಲು ನಿಂತೇ ಸುಸ್ತು. ಅಕ್ಟೋಬರ್‌ನಲ್ಲಿ ಹವೆ ಚಿನ್ನ, ಆದರೆ ಅದು ಎಲ್ಲರಿಗೂ ಗೊತ್ತು: ಜಯಾನ್ ಬಾಗಿಲಿನ ಊರು ಸ್ಪ್ರಿಂಗ್‌ಡೇಲ್‌ನಲ್ಲಿ ಸಾಧಾರಣ ರೂಮು ರಾತ್ರಿಗೆ 250 ಡಾಲರ್ ದಾಟಿತ್ತು. ಜನವರಿಯಲ್ಲಿ ಅದೇ ಊರಿನಲ್ಲಿ ನೂರರ ಒಳಗೆ, ಆರ್ಚಸ್ ಪಕ್ಕದ ಮೋಆಬ್‌ನಲ್ಲಿ ಎಪ್ಪತ್ತಕ್ಕೆ ರೂಮು ಸಿಕ್ಕಿತು.

ಸಂಕ್ರಾಂತಿ ಎಳ್ಳು ಬೀರಿ ಹೊರಡಬೇಕು, ಶಿವರಾತ್ರಿಯ ಹೊತ್ತಿಗೆ ಮನೆ ಸೇರಿರಬೇಕು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುವ ಲೆಕ್ಕ ಬ್ರೈಸ್‌ನಲ್ಲಿ ನಡೆಯೋಲ್ಲ. ಆದರೆ ಮಾರ್ಚ್ ಬಂತೆಂದರೆ ಜಯಾನ್‌ನ ಶಟಲ್ ಶುರುವಾಗಿ ಸ್ವಂತ ಕಾರಿಗೆ ಕಣಿವೆ ರಸ್ತೆ ಮುಚ್ಚುತ್ತದೆ. ಈ ಅವಧಿಯಲ್ಲೂ ಸರ್ಕಾರಿ ರಜೆಯ ಎರಡು ವಾರಾಂತ್ಯ ಬಿಟ್ಟುಬಿಡಿ: ಜನವರಿಯ ಮೂರನೇ ಸೋಮವಾರದ್ದು, ಫೆಬ್ರವರಿಯ ಪ್ರೆಸಿಡೆಂಟ್ಸ್ ಡೇ. ಅವತ್ತು ಅರ್ಧ ನೆವಾಡ, ಅರ್ಧ ಕ್ಯಾಲಿಫೋರ್ನಿಯಾ ಅಲ್ಲೇ ಇರುತ್ತೆ.

ಮೊದಲು ಗಾಡಿ. ಕೆಟ್ಟದ್ದೆಲ್ಲ ಇಲ್ಲೇ. ವೇಗಸ್‌ನಲ್ಲಿ ಕೊಡುವ ಕಾರಿನ ವೈಪರ್ ನೀರು ಬೇಸಿಗೆಯ ನೀಲಿ ನೀರು, ಕೆಲವೊಮ್ಮೆ ಬರೀ ನಲ್ಲಿ ನೀರು. ಬ್ರೈಸ್‌ನಲ್ಲಿ ರಾತ್ರಿ ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗೆ ಹೋದಾಗ ಅದು ಪೈಪಿನಲ್ಲೇ ಗಡ್ಡೆ ಕಟ್ಟುತ್ತದೆ. ರಸ್ತೆಗೆ ಚೆಲ್ಲಿದ ಉಪ್ಪುನೀರು ಮುಂದಿನ ಲಾರಿಯಿಂದ ಗಾಜಿಗೆ ಎರಚಿದಾಗ ಒರೆಸಲು ಏನೂ ಇರೋಲ್ಲ, ಎದುರಿಗೆ ಬರೀ ಬಿಳಿ ಪರದೆ. ದಾರಿಯಲ್ಲಿ ಸಿಗುವ ಸೇಂಟ್ ಜಾರ್ಜ್ ಊರಿನಲ್ಲಿ ನಿಲ್ಲಿಸಿ ಮೈನಸ್ 20 ಫ್ಯಾರನ್‌ಹೀಟ್ ಎಂದು ಬರೆದ ಕ್ಯಾನ್ ತೆಗೆದುಕೊಳ್ಳಿ, ನಾಲ್ಕೈದು ಡಾಲರ್. ಸುಮ್ಮನೆ ಸುರಿದರೆ ಸಾಲದು, ಹಳೆಯ ನೀರು ಪೂರ್ತಿ ಖಾಲಿಯಾಗುವ ತನಕ ಚಿಮ್ಮಿಸಿ ಆಮೇಲೆ ತುಂಬಿಸಬೇಕು. ಅರ್ಧಂಬರ್ಧ ಬೆರೆತರೆ ಅದೂ ಹೆಪ್ಪುಗಟ್ಟುತ್ತದೆ. ಗಾಜಿನ ಹಿಮ ಕೆರೆಯುವ ಸ್ಕ್ರೇಪರ್ ಬಾಡಿಗೆ ಕಾರಿನಲ್ಲಿ ಇರೋಲ್ಲ, ಅಲ್ಲೇ ಕೊಳ್ಳಿ.

ಇನ್ನೊಂದು, ಟೈರಿನ ಹಳದಿ ದೀಪ. ತಾಪ ಹತ್ತು ಫ್ಯಾರನ್‌ಹೀಟ್ ಇಳಿದರೆ ಗಾಳಿ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. ವೇಗಸ್‌ನ ಅರವತ್ತರಿಂದ ಬ್ರೈಸ್‌ನ ಹತ್ತಕ್ಕೆ ಹೋದರೆ ಐದು ಪಿಎಸ್‌ಐ ಹೋಯಿತು, ಬೆಳಿಗ್ಗೆ ದೀಪ ಉರಿಯಿತು, ಪಂಕ್ಚರ್ ಎಂದು ಅರ್ಧ ದಿನ ಹಾಳಾಯಿತು. ನಾಲ್ಕೂ ಟೈರ್ ಸಮನಾಗಿ ಇಳಿದಿದ್ದರೆ ಅದು ಚಳಿ, ಒಂದೇ ಇಳಿದಿದ್ದರೆ ಮೊಳೆ. ಕಾರಿನ ಪ್ಲಗ್ಗಿಗೆ ಸಿಕ್ಕಿಸುವ ಇಪ್ಪತ್ತು ಡಾಲರಿನ ಗಾಳಿ ಪಂಪ್ ಜೊತೆಗಿರಲಿ. ಹಿಮಕ್ಕೆಂದು ಟೈರಿಗೆ ಚೈನ್ ಹಾಕಲು ಬಹುತೇಕ ಬಾಡಿಗೆ ಕರಾರು ಬಿಡೋಲ್ಲ. ಅದಕ್ಕೇ ಈ ಇಡೀ ಸುತ್ತಿನ ಜೀವಾಳ ಚೈನ್ ಅಲ್ಲ, ಒಂದು ಖಾಲಿ ದಿನ. ಅದನ್ನು ಎಲ್ಲಿ ಇಡಬೇಕು ಎಂಬುದು ಮುಂದೆ ಬರುತ್ತದೆ.

ಗಾಡಿ ಓಡಿಸುವುದು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರೊಳಗೆ. ಬೆಳಗಿನ ಜಾವ ನೆರಳಿನ ತಿರುವುಗಳಲ್ಲಿ ಕಣ್ಣಿಗೆ ಕಾಣದ ಕರಿ ಮಂಜುಗಡ್ಡೆ, ಸಂಜೆ ಜಿಂಕೆ. ಸೂರ್ಯೋದಯ ನೋಡಲೇಬೇಕೆಂದರೆ ಅದರ ಹತ್ತಿರವೇ ಮಲಗಿ.

ಜಯಾನ್‌ಗೆ ವೇಗಸ್‌ನಿಂದ 160 ಮೈಲಿ. ನೆವಾಡ ಗಡಿ ದಾಟಿದ ಕೂಡಲೇ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತೆ, ಚೆಕ್-ಇನ್ ಲೆಕ್ಕ ಅಲ್ಲಿ ತಪ್ಪುತ್ತದೆ. ತಂಗಿದ್ದು ಹರಿಕಿನ್ ಎಂಬ ಊರಿನಲ್ಲಿ. ಬರೆಯುವುದು ಚಂಡಮಾರುತದ ಸ್ಪೆಲ್ಲಿಂಗ್, ಊರವರು ಹೇಳುವುದು ಹೀಗೆ. ಪಾರ್ಕಿಗೆ ಅರ್ಧ ಗಂಟೆ, ಬೆಲೆ ಇನ್ನೂ ಕಡಿಮೆ. ಚಳಿಗಾಲದ ಸೂರ್ಯ ತಗ್ಗಿನಲ್ಲಿ ಓಡುವುದರಿಂದ ಆಳದ ಕಣಿವೆಗೆ ಬಿಸಿಲು ಇಳಿಯುವುದೇ ತಡ, ಹೋಗುವುದೂ ಬೇಗ. ಹಾಗಾಗಿ ಕೊನೆಯ ನಿಲ್ದಾಣವಾದ ಸಿನವಾವ ದೇಗುಲಕ್ಕೆ ಕಾರಿನಲ್ಲೇ ಹತ್ತೂವರೆಗೆ ತಲುಪಿ, ನದಿ ಪಕ್ಕದ ರಿವರ್‌ಸೈಡ್ ವಾಕ್ ಎರಡು ಮೈಲಿ ಹೋಗಿ ಬಂದರೆ ಹದವಾದ ಬಿಸಿಲು ಸಿಗುತ್ತೆ. ದೇಗುಲ ಎಂದರೆ ಬಂಡೆಯೇ, ಗುಡಿಯೇನಿಲ್ಲ. ಅಮ್ಮ ಕೇಳಿಯೇ ಕೇಳುತ್ತಾರೆ, ಮೊದಲೇ ಹೇಳಿಬಿಡಿ. ಎಮರಾಲ್ಡ್ ಪೂಲ್ಸ್ ಕೈಬಿಟ್ಟೆವು: ಮೇಲಿನ ಅಂಚಿನಿಂದ ಮಂಜಿನ ಕೋಲುಗಳು ಕಳಚಿ ಬೀಳುತ್ತವೆ. ನದಿಯೊಳಗೇ ನಡೆಯುವ ನ್ಯಾರೋಸ್‌ಗೆ ಇಳಿಯಲು ಡ್ರೈಸೂಟ್ ಬೇಕು, ಹಿರಿಯರಿದ್ದಾಗ ಆ ಮಾತೇ ಬೇಡ.

1930ರಲ್ಲಿ ಮುಗಿದ 1.1 ಮೈಲಿ ಸುರಂಗ ದಾಟಿದ ತಕ್ಷಣ ಬಲಕ್ಕೆ ಕ್ಯಾನಿಯನ್ ಓವರ್‌ಲುಕ್‌ನ ಪಾರ್ಕಿಂಗ್, ಹತ್ತಿಪ್ಪತ್ತು ಕಾರಿಗಷ್ಟೇ ಜಾಗ. ಕಾಲುದಾರಿ ಹೋಗಿ ಬರಲು ಒಂದು ಮೈಲಿ. ಹಿರಿಯರಿಗೆ ಅದಕ್ಕಿಂತ ಸುರಂಗದಾಚೆಯ ರಸ್ತೆಯೇ ಚೆನ್ನ: ಬಂಡೆಯ ಮೇಲೆ ಚೌಕಾಬಾರದ ಗೆರೆ ಎಳೆದಂಥ ಚೆಕರ್‌ಬೋರ್ಡ್ ಮೇಸಾ. ಚಳಿಗಾಲದಲ್ಲಿ ಸುರುಳಿ ಕೊಂಬಿನ ಕಾಡುಕುರಿ ರಸ್ತೆ ಪಕ್ಕಕ್ಕೇ ಬರುತ್ತವೆ.

ಬ್ರೈಸ್‌ಗೆ ಎರಡು ರಾತ್ರಿ, ಪಾರ್ಕಿನ ಬಾಗಿಲಿನಲ್ಲಲ್ಲ, ಕೆಳಗಿನ ಟ್ರಾಪಿಕ್‌ನಲ್ಲಿ. ಪಾರ್ಕಿನ ಅಂಚು 8,000 ಅಡಿ, ಟ್ರಾಪಿಕ್ 6,300. ಆ ವ್ಯತ್ಯಾಸ ರಾತ್ರಿ ಉಸಿರಾಟಕ್ಕೂ ನಿದ್ದೆಗೂ ಗೊತ್ತಾಗುತ್ತೆ. ರಸ್ತೆ ಕೊನೆಯ ರೇನ್‌ಬೋ ಪಾಯಿಂಟ್ 9,115 ಅಡಿ, ಹಿಮ ಬಿದ್ದಾಗ ಮೂರನೇ ಮೈಲಿಯಿಂದಾಚೆ ಮುಚ್ಚುತ್ತಾರೆ. ಮುಚ್ಚಿದರೆ ಮುಚ್ಚಲಿ, ಒಳ್ಳೆಯದೆಲ್ಲ ಮೊದಲ ಮೂರು ಮೈಲಿಯಲ್ಲೇ ಇದೆ.

ಇಲ್ಲಿ ಹೆಚ್ಚಿನವರು ಹೆಸರು ನಂಬಿ ಮೋಸ ಹೋಗುತ್ತಾರೆ. ಸನ್‌ಸೆಟ್ ಪಾಯಿಂಟ್‌ಗೆ ಸಂಜೆ ಹೋದರೆ ಬ್ರೈಸ್‌ನ ಕಲ್ಲುಕಂಬಗಳ ಮೇಲೆ ನೆರಳು ಬಿದ್ದು ಎಲ್ಲ ಮಂಕು. ಕಂಬಗಳಿರುವ ಬಟ್ಟಲಿನಂಥ ಕಣಿವೆ ತೆರೆದಿರುವುದು ಪೂರ್ವಕ್ಕೆ. ಬೆಳಗಿನ ಮೊದಲ ಬಿಸಿಲಿನಲ್ಲಿ ಬ್ರೈಸ್ ಪಾಯಿಂಟ್, ಆಮೇಲೆ ಇನ್‌ಸ್ಪಿರೇಷನ್, ಅಷ್ಟೇ. ಹಿಮ ಬಿದ್ದ ಮರುದಿನ ಕಿತ್ತಳೆ ಕಲ್ಲಿನ ತಲೆಗಳ ಮೇಲೆ ಬಿಳಿ ಟೊಪ್ಪಿ, ಎದುರಿನಿಂದ ಬೆಳಕು. ಅಕ್ಟೋಬರ್‌ನಲ್ಲಿ ತೆಗೆದ ಫೋಟೋಗಳನ್ನು ಅಳಿಸಿಹಾಕಬೇಕೆನಿಸಿತು. ರಾತ್ರಿ ಬಿರುಕಿನಲ್ಲಿ ನೀರು ಹೆಪ್ಪುಗಟ್ಟಿ ಉಬ್ಬಿ ಕಲ್ಲು ಸೀಳುವುದು, ಹಗಲು ಕರಗುವುದು: ಈ ಕಂಬಗಳನ್ನು ಕೆತ್ತಿದ್ದೇ ಆ ಕೆಲಸ. ಅದು ನಡೆಯುವ ಕಾಲವೇ ಇದು.

ಹಿರಿಯರಿಗೆ ಸನ್‌ರೈಸ್-ಸನ್‌ಸೆಟ್ ಪಾಯಿಂಟ್‌ಗಳ ನಡುವಿನ ಅರ್ಧ ಮೈಲಿ ಟಾರು ಹಾದಿ ಸಾಕು. ಕೆಳಗಿಳಿಯುವವರಿಗೆ ನವಾಹೋ ಲೂಪ್‌ನ ವಾಲ್ ಸ್ಟ್ರೀಟ್ ಕಡೆ ಚಳಿಗಾಲಕ್ಕೆ ಮುಚ್ಚಿರುತ್ತದೆ, ಕ್ವೀನ್ಸ್ ಗಾರ್ಡನ್ ಕಡೆಯಿಂದ ಇಳಿದು ಹತ್ತಬೇಕು. ಶೂಗೆ ಹಾಕುವ ಮೈಕ್ರೋಸ್ಪೈಕ್ ಇಪ್ಪತ್ತೈದು ಡಾಲರ್. ರಬ್ಬರಿಗೆ ಸುತ್ತಿದ ತಂತಿಯ ಅಗ್ಗದ ಮಾಲು ಒಂದೇ ಇಳಿಜಾರಿಗೆ ಕಿತ್ತುಬಂತು. ಸರಪಳಿ, ಮುಳ್ಳು ಎರಡೂ ಇರುವುದನ್ನೇ ಕೊಳ್ಳಿ.

ಇನ್ನು ಊಟ. ಚಳಿಗಾಲದಲ್ಲಿ ಟ್ರಾಪಿಕ್, ಕ್ಯಾಪಿಟಲ್ ರೀಫ್ ಪಕ್ಕದ ಟೋರಿ ಊರುಗಳಲ್ಲಿ ಮುಕ್ಕಾಲು ಹೋಟೆಲ್ ಬಾಗಿಲು ಹಾಕಿರುತ್ತವೆ, ತೆರೆದದ್ದರಲ್ಲಿ ಸಸ್ಯಾಹಾರ ಎಂದರೆ ಆಲೂಗಡ್ಡೆ. ಕಿಚನೆಟ್ ಇರುವ ರೂಮೇ ಬುಕ್ ಮಾಡಿ. ಒಂದು ಪ್ರಯೋಗ ಇಲ್ಲೇ ಆಯಿತು: ಸಾವಿರ ಅಡಿಗೆ ಸುಮಾರು ಒಂದು ಡಿಗ್ರಿಯಂತೆ ನೀರಿನ ಕುದಿಬಿಂದು ಇಳಿಯುತ್ತದೆ, ಟ್ರಾಪಿಕ್‌ನಲ್ಲಿ 94ರ ಹತ್ತಿರ. ಮಾಮೂಲಿ ರೈಸ್ ಕುಕ್ಕರ್ ನೀರು ಮುಗಿದ ಕೂಡಲೇ ಕಟ್ ಆಗುತ್ತದೆ, ಅನ್ನ ಬೆಂದಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಮೊದಲ ರಾತ್ರಿ ಅಗುಳಿನ ಒಳಗೆ ಬಿಳಿ ಚುಕ್ಕೆ. ಮರುದಿನ ಅಕ್ಕಿ ಅರ್ಧ ಗಂಟೆ ನೆನೆಸಿ, ಲೋಟಕ್ಕೆ ಕಾಲು ಲೋಟ ನೀರು ಹೆಚ್ಚಿಗೆ ಹಾಕಿದಾಗ ಸರಿಹೋಯಿತು. ತೊಗರಿಬೇಳೆ ಮಾತ್ರ ಅದರಲ್ಲಿ ಏನು ಮಾಡಿದರೂ ಬೇಯಲಿಲ್ಲ. ಮೂರು ಕ್ವಾರ್ಟಿನ ಪುಟ್ಟ ಇನ್‌ಸ್ಟಂಟ್ ಪಾಟ್‌ನಲ್ಲಿ ಮನೆಯಲ್ಲಿ ಹತ್ತು ನಿಮಿಷ ಇಡುವುದನ್ನು ಹದಿಮೂರಕ್ಕೆ ಏರಿಸಿದರೆ ಕರಗಿತು. ಗೊಜ್ಜವಲಕ್ಕಿ ಯಾವ ಎತ್ತರಕ್ಕೂ ಜಗ್ಗಲಿಲ್ಲ. ಉಪ್ಪಿನಕಾಯಿ ಬಾಟಲಿ ಮಾತ್ರ ಹೊರಡುವ ಮುನ್ನ ಬಿಗಿಯಾಗಿ ಮುಚ್ಚಬೇಡಿ. ಮೇಲೆ ಹೋದಂತೆ ಒಳಗಿನ ಗಾಳಿ ಹಿಗ್ಗಿ ಎಣ್ಣೆ ಬ್ಯಾಗಿಗೆಲ್ಲ ಹರಿಯುತ್ತೆ, ಹತ್ತುವ ದಾರಿಯಲ್ಲಿ ಒಮ್ಮೆ ತಿರುಗಿಸಿ ಉಸಿರು ಬಿಡಿಸಿ.

ಖಾಲಿ ದಿನ ಇಡಬೇಕಾದ್ದು ಟ್ರಾಪಿಕ್‌ನಲ್ಲೇ. ಮುಂದಿನ ರೂಟ್ 12 ಎಸ್ಕಲಾಂಟೆ, ಬೌಲ್ಡರ್ ದಾಟಿ ಬೌಲ್ಡರ್ ಪರ್ವತದ ಮೇಲೆ 9,600 ಅಡಿ ಹತ್ತಿ ಟೋರಿಗೆ ಇಳಿಯುತ್ತದೆ. ಬೆಳಿಗ್ಗೆ ಆರಕ್ಕೊಮ್ಮೆ, ಒಂಬತ್ತಕ್ಕೊಮ್ಮೆ ಯೂಟಾ ಸಾರಿಗೆ ಇಲಾಖೆಯ ಯುಡಾಟ್ ಆ್ಯಪ್‌ನಲ್ಲಿ ರಸ್ತೆ ಕ್ಯಾಮೆರಾ ನೋಡಿ. ಟಾರು ಒಣಗಿ ಕಂಡರೆ ಹೊರಡಿ, ಹಿಮ ಮುಚ್ಚಿದ್ದರೆ ಹೊದ್ದು ಮಲಗಿ. ಎರಡನೇ ದಿನವೂ ತೆರೆಯದಿದ್ದರೆ ಪ್ಯಾಂಗ್ವಿಚ್‌ಗೆ ಹಿಂದಕ್ಕೆ ಬಂದು ಹೈವೇ 89ರಲ್ಲಿ ಉತ್ತರಕ್ಕೆ ಹೋಗಿ, ಕಿಂಗ್‌ಸ್ಟನ್ ಬಳಿ ರೂಟ್ 62 ಹಿಡಿದು ಆಟರ್ ಕ್ರೀಕ್, ಕೂಶಾರೆಮ್ ಮೇಲೆ 24ಕ್ಕೆ ಸೇರಿ ಲೋವಾ, ಟೋರಿ. ನೋಟ ಸಪ್ಪೆ, ಆದರೆ ಆ ಎತ್ತರ ಹತ್ತುವುದು ತಪ್ಪುತ್ತೆ.

ಈ ಸುತ್ತಿನಲ್ಲಿ ಒಂದೇ ರಸ್ತೆ ಆರಿಸಿ ಎಂದರೆ ರೂಟ್ 12. ಹೆಡ್ ಆಫ್ ದ ರಾಕ್ಸ್‌ನಲ್ಲಿ ನಿಂತರೆ ನೆಲವೆಲ್ಲ ಬಿಳಿ ಬಂಡೆ, ಅದರ ಮೇಲೆ ಹರಿದುಹೋದ ರಸ್ತೆ. ಆಮೇಲೆ ಹಾಗ್‌ಬ್ಯಾಕ್: ಎರಡೂ ಕಡೆ ಪ್ರಪಾತ, ತಡೆಗೋಡೆಯಿಲ್ಲ. ಅಪ್ಪನನ್ನು ಮುಂದೆ ಕೂರಿಸಿ, ಅಮ್ಮನನ್ನು ಹಿಂದೆ. ಇವೆರಡರ ನಡುವೆ ಬೋರ್ಡಿಲ್ಲದ ಒಂದು ಜಾಗ ಇದೆ, ಕಾರಿನಿಂದ ಇಪ್ಪತ್ತು ಹೆಜ್ಜೆಗೆ ಇಡೀ ಕಣಿವೆ. ಮೈಲಿಗಲ್ಲಿನ ನಂಬರ್ ಮಾತ್ರ ಕೇಳಬೇಡಿ, ಹೇಳೋಲ್ಲ. ಅಲ್ಲಿ ಮೂರು ಕಾರಿಗಷ್ಟೇ ಜಾಗ.

ಕ್ಯಾಪಿಟಲ್ ರೀಫ್ ಅರ್ಧ ದಿನದ್ದು. ಪಾರ್ಕಿನೊಳಗಿನ ಫ್ರೂಟಾದ ಗಿಫರ್ಡ್ ಹೌಸ್‌ನ ಪೈ ಚಳಿಗಾಲದಲ್ಲಿ ಸಿಗೋಲ್ಲ, ತೋಟ ಬೋಳು. ಹೈವೇ 24ರ ಪಕ್ಕದಲ್ಲೇ ಹಿಂದಿನ ಕಾಲದ ಮೂಲನಿವಾಸಿ ಫ್ರೀಮಾಂಟ್ ಜನರು ಬಂಡೆಯಲ್ಲಿ ಕೆತ್ತಿದ ಚಿತ್ರಗಳಿಗೆ ಹಲಗೆ ಹಾದಿಯಿದೆ, ಶುಲ್ಕವಿಲ್ಲ, ಹತ್ತು ನಿಮಿಷ. ಹ್ಯಾಂಕ್ಸ್‌ವಿಲ್‌ನಲ್ಲಿ ಟ್ಯಾಂಕ್ ತುಂಬಿಸಿ.

ಮೋಆಬ್‌ಗೆ ಹೋಗುವ ದಾರಿಯಲ್ಲೇ, ಊರಿಗೆ ಮುಂಚೆ, ರೂಟ್ 313ಕ್ಕೆ ತಿರುಗಿ ಡೆಡ್ ಹಾರ್ಸ್ ಪಾಯಿಂಟ್ ಮುಗಿಸಿ. ಕೊಲರಾಡೋ ನದಿ 2,000 ಅಡಿ ಕೆಳಗೆ ಸುತ್ತು ಹಾಕುತ್ತದೆ. ದೂರದ ಎದ್ದುಕಾಣುವ ನೀಲಿ ಕೆರೆಗಳು ಪೊಟ್ಯಾಶ್ ಒಣಗಿಸುವ ಹೊಂಡ, ಬಿಸಿಲು ಹೀರಲೆಂದು ಬಣ್ಣ ಹಾಕಿದ್ದು. ಇದು ಸ್ಟೇಟ್ ಪಾರ್ಕ್, ನ್ಯಾಷನಲ್ ಪಾರ್ಕುಗಳ ವಾರ್ಷಿಕ ಪಾಸ್ ನಡೆಯೋಲ್ಲ, ಕಾರಿಗೆ ಇಪ್ಪತ್ತು ಡಾಲರ್ ಕೊಟ್ಟ ನೆನಪು. ಮರುದಿನ ಬೆಳಿಗ್ಗೆ ಕ್ಯಾನಿಯನ್‌ಲ್ಯಾಂಡ್ಸ್‌ನ ಮೇಸಾ ಆರ್ಚ್ ಎಂಬ ಕಲ್ಲಿನ ಕಮಾನು. ಟ್ರೈಪಾಡ್‌ನವರು ಕತ್ತಲಲ್ಲೇ ಬಂದು ಮುಂದಿನ ಸಾಲು ಹಿಡಿದಿರುತ್ತಾರೆ. ಅವರ ಜೊತೆ ಜಗಳ ಬೇಡ, ಸೂರ್ಯ ಹುಟ್ಟಿದ ಮೇಲಿನ ಅರ್ಧ ಗಂಟೆಯೇ ಕಮಾನಿನ ಹೊಟ್ಟೆ ಕೆಂಡದಂತೆ ಹೊಳೆಯುವ ಹೊತ್ತು. ಸೂರ್ಯ ಬಂದ ಹತ್ತನೇ ನಿಮಿಷಕ್ಕೆ ಅರ್ಧ ಜನ ಖಾಲಿ.

ಆರ್ಚಸ್‌ಗೆ 2022ರಿಂದ ಕೆಲವು ವರ್ಷ ಸಮಯ ಕಾದಿರಿಸುವ ಪದ್ಧತಿ ಇತ್ತು, ಚಳಿಗಾಲಕ್ಕೆ ಆಗಲೂ ಅದು ಇರಲಿಲ್ಲ. ಡೆಲಿಕೇಟ್ ಆರ್ಚ್ ಹೋಗಿ ಬರಲು ಮೂರು ಮೈಲಿ, 480 ಅಡಿ ಏರು. ಕೊನೆಯ ಬಂಡೆಯಂಚಿಗೆ ಬಿಸಿಲು ಬೀಳದೆ ಗಡ್ಡೆ ಕಟ್ಟಿರುತ್ತೆ, ಸ್ಪೈಕ್ ಅಲ್ಲಿ ಬೇಕೇ ಬೇಕು. ಹಿರಿಯರು ಲೋವರ್ ವ್ಯೂಪಾಯಿಂಟ್‌ನಿಂದ ನೋಡಲಿ, ಡಬಲ್ ಆರ್ಚ್‌ನ ಅರ್ಧ ಮೈಲಿಯನ್ನು ಆರಾಮಾಗಿ ನಡೆಯಲಿ. ಶೌಚಾಲಯಗಳಲ್ಲಿ ಹೆಚ್ಚಿನವು ಗುಂಡಿಯವು, ನಲ್ಲಿಯಿಲ್ಲ. ಒಂದು ಗ್ಯಾಲನ್ ನೀರು, ಒಂದು ಚೊಂಬು ಡಿಕ್ಕಿಯಲ್ಲಿ ಇಟ್ಟದ್ದು ಇಡೀ ಪ್ರವಾಸದ ಅತ್ಯುತ್ತಮ ನಿರ್ಧಾರ.

ರಾತ್ರಿ ಆಕಾಶಕ್ಕೆ ಅಮಾವಾಸ್ಯೆಯ ವಾರ ಹಿಡಿಯಿರಿ. ಆಕಾಶಗಂಗೆಯ ದಟ್ಟ ಭಾಗ ಜನವರಿ ಸಂಜೆ ಕಾಣೋಲ್ಲ. ಕಾಣುವುದು ಮಹಾವ್ಯಾಧ, ಕೃತ್ತಿಕೆ, ಅವೇನೂ ಕಡಿಮೆಯಲ್ಲ. ಫೋನ್ ಬ್ಯಾಟರಿ ಚಳಿಗೆ ಐವತ್ತರಲ್ಲೇ ಸಾಯುತ್ತದೆ, ಒಳಜೇಬಿನಲ್ಲಿಡಿ.

ದಕ್ಷಿಣಕ್ಕೆ ಬ್ಲಫ್ ದಾಟಿ ಮಾನ್ಯುಮೆಂಟ್ ವ್ಯಾಲಿ. ಮೋಕಿ ಡಗ್ವೇ ಮೂರು ಮೈಲಿ ಜಲ್ಲಿ ರಸ್ತೆ, ವ್ಯಾಲಿ ಆಫ್ ದ ಗಾಡ್ಸ್ ಜೇಡಿಮಣ್ಣು. ಒದ್ದೆಯಾದರೆ ಎರಡೂ ಬೇಡ. ಟಾರಿಲ್ಲದ ರಸ್ತೆಯಲ್ಲಿ ಆದ ಹಾನಿಗೆ ಬಾಡಿಗೆ ಕರಾರಿನ ವಿಮೆ ಸಾಮಾನ್ಯವಾಗಿ ಬರೋಲ್ಲ. ಮಾನ್ಯುಮೆಂಟ್ ವ್ಯಾಲಿ ನವಾಹೋ ಜನರದು, ಪಾಸ್ ನಡೆಯೋಲ್ಲ, ತಲಾ ಎಂಟು ಡಾಲರ್. ಒಳಗಿನ 17 ಮೈಲಿ ಕೆಸರಾಗಿತ್ತು, ಇಳಿಯಲಿಲ್ಲ. ಮಿಟನ್ಸ್ ಎಂಬ ಕೈಗವಸಿನಾಕಾರದ ಗುಡ್ಡಗಳು ವಿಸಿಟರ್ ಸೆಂಟರ್ ಅಂಗಳದಿಂದಲೇ ಎದುರಿಗಿವೆ. ರಾತ್ರಿಗೆ ಅರಿಜೋನಾದ ಪೇಜ್ ಊರು.

ನಾಲ್ವರಿಗೆ ಆದ ಖರ್ಚು: ರೂಮು 750, ವ್ಯಾನ್ 550, ಪೆಟ್ರೋಲ್ 170, ಪಾಸ್ 80, ದಿನಸಿ ಮತ್ತು ಸಣ್ಣಪುಟ್ಟದ್ದು 250. ಒಟ್ಟು 1,800 ಡಾಲರ್ ಆಸುಪಾಸು. ಐದು ಪಾರ್ಕಿಗೆ ಬಿಡಿಬಿಡಿಯಾಗಿ ಕೊಟ್ಟರೆ 150 ಆಗುತ್ತದೆ, ಪಾಸೇ ಲಾಭ. ಇದೆಲ್ಲ ಹೊಸ ನಿಯಮಕ್ಕೆ ಮುಂಚಿನ ಲೆಕ್ಕ. 2026ರ ಜನವರಿಯಿಂದ ಅಮೆರಿಕದ ನಿವಾಸಿಗಳಲ್ಲದ, 16 ತುಂಬಿದವರಿಗೆ 11 ಪಾರ್ಕುಗಳಲ್ಲಿ ತಲಾ 100 ಡಾಲರ್ ಹೆಚ್ಚುವರಿ, ಅವರ ವಾರ್ಷಿಕ ಪಾಸ್ 250. ಯೂಟಾದ ಐದರಲ್ಲಿ ಜಯಾನ್, ಬ್ರೈಸ್ ಎರಡೇ ಆ ಪಟ್ಟಿಯಲ್ಲಿರುವುದು. ಊರಿನಿಂದ ವಿಸಿಟರ್ ವೀಸಾದಲ್ಲಿ ಬಂದ ಅಪ್ಪ-ಅಮ್ಮನಿಗೆ ಟಿಕೆಟ್ ತೆಗೆಯುವ ಮೊದಲೇ ಇದನ್ನು ಕೂಡಿಸಿ.

ಕೊನೆಯ ದಿನ ಪೇಜ್‌ನಿಂದ ವೇಗಸ್ 275 ಮೈಲಿ. ಗಡಿಯಲ್ಲಿ ಕಳೆದ ಗಂಟೆ ವಾಪಸ್ ಸಿಗುತ್ತದೆ. ಅದನ್ನು ಸೇಂಟ್ ಜಾರ್ಜ್‌ನ ಕಾರ್ ವಾಶ್‌ನಲ್ಲಿ ಕಳೆಯಿರಿ: ತಳಕ್ಕೆ ಅಂಟಿದ ಉಪ್ಪು, ಕಾರ್ಪೆಟ್ ಸೇರಿದ ಕೆಂಪು ಮಣ್ಣು. ಕಾರ್ಪೆಟ್ಟಿನ ಮಣ್ಣನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಬಣ್ಣ ಕೂತುಬಿಡುತ್ತದೆ, ಶುಚಿ ಮಾಡುವ ಶುಲ್ಕ ಹೇರುತ್ತಾರೆ. ಪೂರ್ತಿ ಒಣಗಲು ಬಿಟ್ಟು ವ್ಯಾಕ್ಯೂಮ್ ಹಿಡಿಯಿರಿ, ಎಂಟು ಡಾಲರಿಗೆ ಮುಗಿಯುತ್ತದೆ.