ತೊಟ್ಟಿಕ್ಕುವುದು ಇಲ್ಲಿ, ತೂತಿರುವುದು ಎಲ್ಲೋ

ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ ಎಂದು ಹಿರಿಯರು ಹೇಳುತ್ತಾರೆ. ಶಿರಸಿ ಸೀಮೆಯ ಹಂಚಿನ ಮನೆಗಳು ಸೋರಲು ಶುರುವಾಗುವುದೂ ಆಗಲೇ. ಮೇ ತಿಂಗಳಿನಲ್ಲಿ ಹಂಚು ಕೈಯಾಡಿಸಬೇಕಿತ್ತು. ಆಳು ಸಿಗಲಿಲ್ಲ, ನಡುವೆ ಎರಡು ಮದುವೆ ಬಂದವು, ಹಾಗೇ ಉಳಿಯಿತು. ಈಗ ರಾತ್ರಿ ಹನ್ನೊಂದಕ್ಕೆ ಹಾಸಿಗೆಯ ಮೇಲೆ ಟಪ್ ಎಂದು ಮೊದಲ ಹನಿ. ಮಾಡು, ಅಂದರೆ ಛಾವಣಿ, ಹತ್ತುವಂತಿಲ್ಲ. ಹಾವಸೆ ಕಟ್ಟಿದ ಹಂಚಿನ ಮೇಲೆ ಕಾಲಿಟ್ಟರೆ ಹಂಚೂ ಉಳಿಯುವುದಿಲ್ಲ, ಕಾಲೂ ಉಳಿಯುವುದಿಲ್ಲ. ಏನು ಮಾಡುವುದಿದ್ದರೂ ಒಳಗಿನಿಂದಲೇ. ಅದರಲ್ಲೊಂದು ಅನುಕೂಲವೂ ಇದೆ: ಸೋರುವ ಜಾಗ ಖಚಿತವಾಗಿ ಗೊತ್ತಾಗುವುದು ಮಳೆ ಹೊಯ್ಯುತ್ತಿರುವಾಗ, ಒಳಗೆ ನಿಂತು ನೋಡಿದವರಿಗೆ.

ಮೊದಲು ಕರೆಂಟು

ಬಕೆಟ್ ಹುಡುಕುವ ಮುಂಚೆ ಮೇಲೆ ನೋಡಿ. ನೀರಿಳಿಯುವ ದಾರಿಯಲ್ಲಿ ಬಲ್ಬಿನ ಹೋಲ್ಡರ್, ಫ್ಯಾನು, ವೈರು ಏನಾದರೂ ಇದ್ದರೆ ಒಣ ಕೈಯಿಂದ ಆ ಕೋಣೆಯ ಎಂಸಿಬಿ ಇಳಿಸಿ. ಯಾವುದು ಯಾವ ಕೋಣೆಯದೆಂದು ತಿಳಿಯದಿದ್ದರೆ ಮೇನ್ ಸ್ವಿಚ್ಚನ್ನೇ ಆರಿಸಿ. ಮೀಟರ್ ಬೋರ್ಡಿನ ಮೇಲೆಯೇ ನೀರು ಇಳಿಯುತ್ತಿದ್ದರೆ ಮುಟ್ಟಲೇಬೇಡಿ, ಹೆಸ್ಕಾಂಗೆ ಫೋನ್ ಮಾಡಿ. ಮುಂದಿನ ಕೆಲಸಕ್ಕೆಲ್ಲ ಟಾರ್ಚ್ ಸಾಕು. ಜಡಿಮಳೆಯ ರಾತ್ರಿ ನಮ್ಮ ಕಡೆ ಕರೆಂಟು ಇರುವುದೂ ಅಷ್ಟಕ್ಕಷ್ಟೇ.

ಬಾಳೆನಾರಿನ ಉಪಾಯ

ಹಾಸಿಗೆ, ಅಕ್ಕಿ ಡಬ್ಬಿ, ಅಡಿಕೆ ಚೀಲಗಳನ್ನು ಸರಿಸಿ, ಹನಿ ಬೀಳುವಲ್ಲಿ ಪಾತ್ರೆ ಇಡುವುದು ಎಲ್ಲರಿಗೂ ಗೊತ್ತು. ಆದರೆ ಹತ್ತು ಹನ್ನೆರಡು ಅಡಿ ಎತ್ತರದಿಂದ ಬೀಳುವ ಹನಿ ಪಾತ್ರೆಯ ಸುತ್ತ ಎರಡಡಿ ನೆಲವನ್ನು ಒದ್ದೆ ಮಾಡುತ್ತದೆ. ಟಪ್ ಟಪ್ ಸದ್ದಿಗೆ ನಿದ್ದೆಯೂ ಇಲ್ಲ. ನಮ್ಮ ಆಯಿ ಇದಕ್ಕೆ ಹೂ ಕಟ್ಟುವ ಬಾಳೆನಾರು ಬಳಸುತ್ತಿದ್ದಳು. ಹನಿ ಕಳಚುವ ಜಾಗಕ್ಕೇ, ರೀಪಿಗೋ (ಹಂಚು ಕೂರುವ ಅಡ್ಡಪಟ್ಟಿ) ಮೊಳೆಗೋ, ನಾರಿನ ಒಂದು ತುದಿ ಕಟ್ಟಿ ಇನ್ನೊಂದು ತುದಿಯನ್ನು ಕೊಡಪಾನದೊಳಗೆ ಇಳಿಬಿಡುವುದು, ಅಷ್ಟೇ. ಮೊದಲು ನಾರನ್ನು ಒದ್ದೆ ಮಾಡಿಕೊಳ್ಳಬೇಕು. ನೀರು ಅದಕ್ಕೆ ಅಂಟಿಕೊಂಡೇ ಇಳಿಯುತ್ತದೆ, ಸಿಡಿಯುವುದಿಲ್ಲ, ಸದ್ದೂ ಇಲ್ಲ. ಹತ್ತಿಯ ದಾರವಾದರೂ ನಡೆಯುತ್ತದೆ. ನೈಲಾನ್ ಹಗ್ಗ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ.

ತೂತು ಹುಡುಕುವುದು

ಹೆಚ್ಚಿನವರು ಎಡವುವುದು ಇಲ್ಲಿ. ನಾನೂ ಎಡವಿದವನೇ. ನಮ್ಮ ಅಡುಗೆಮನೆಯಲ್ಲಿ ಒರಳಿನ ಮೇಲೆ ನೀರು ಬೀಳುತ್ತಿತ್ತು. ಎರಡು ವರ್ಷ ಒರಳಿನ ನೇರ ನೆತ್ತಿಯ ಮೇಲಿದ್ದ ಹಂಚನ್ನೇ ಬದಲಿಸುತ್ತಾ ಬಂದೆ. ಮೂರನೆಯ ವರ್ಷ ಮಳೆ ಹೊಯ್ಯುವಾಗಲೇ ಒಳಗೆ ಏಣಿ ಹತ್ತಿ ನೋಡಿದಾಗ ತಿಳಿಯಿತು: ಒಡೆದ ಹಂಚು ಇದ್ದದ್ದು ಏಳಡಿ ಮೇಲೆ, ಮಾಡಿನ ನೆತ್ತಿಯ ಸಮೀಪ. ನೀರು ಅಲ್ಲಿ ಒಳಬಂದು, ಪಕಾಸಿನ (ಮಾಡಿನ ಓರೆ ಮರ) ಬದಿ ಹಿಡಿದು ಇಳಿಜಾರಿನಲ್ಲಿ ಹರಿದು, ಮರದ ಗಂಟೊಂದು ಅಡ್ಡ ಬಂದಲ್ಲಿ ಕೆಳಗೆ ಬೀಳುತ್ತಿತ್ತು. ಪಾಪ, ಒರಳಿನ ಮೇಲಿನ ಹಂಚಿನದೇನೂ ತಪ್ಪಿರಲಿಲ್ಲ.

ಹಾಗಾಗಿ ಹನಿ ಬೀಳುವ ಬಿಂದುವಿನಿಂದ ಶುರುಮಾಡಿ ಮೇಲಕ್ಕೆ ಹೋಗಿ. ಟಾರ್ಚನ್ನು ಪಕಾಸಿಗೆ ಸಮಾನಾಂತರವಾಗಿ ಓರೆಯಾಗಿ ಹಿಡಿದರೆ ಹರಿಯುವ ನೀರು ಎಳೆಯಾಗಿ ಮಿನುಗುತ್ತದೆ. ಆ ಎಳೆ ಎಲ್ಲಿ ಮುಗಿಯುತ್ತದೆಯೋ ಅಲ್ಲಿ ರೀಪನ್ನು, ಹಂಚಿನ ಸಂದನ್ನು ಬೆರಳಿನಿಂದ ಮುಟ್ಟಿ ನೋಡಿ. ಹಗಲಾದರೆ ದೀಪ ಆರಿಸಿ ಬೆಳಕಿನ ಚುಕ್ಕೆ ಹುಡುಕುವುದು ಇನ್ನೊಂದು ದಾರಿ. ಆದರೆ ಅದನ್ನು ಪೂರ್ತಿ ನಂಬಬೇಡಿ; ಸಂದಿನಲ್ಲಿ ಬೆಳಕು ಕಂಡರೂ ಸೋರದ ಹಂಚುಗಳಿವೆ, ಕೂದಲೆಳೆಯ ಬಿರುಕಿನಲ್ಲಿ ಬೆಳಕು ಕಾಣದಿದ್ದರೂ ನೀರು ಬರುತ್ತದೆ. ಸಿಕ್ಕಿದ ಜಾಗದ ಪಕ್ಕದ ಪಕಾಸಿನ ಮೇಲೆ ಸುಣ್ಣದ ಬಳಪದಿಂದ ಗುರುತು ಹಾಕಿ. ಒದ್ದೆ ಮರದ ಮೇಲೆ ಬಳಪ ನಿಲ್ಲದಿದ್ದರೆ ಬಣ್ಣದ ದಾರವೊಂದನ್ನು ಕಟ್ಟಿ.

ಗಾಳಿ ಬೀಸಿದಾಗ ಮಾತ್ರ ನೀರು ಬಂದು, ಗಾಳಿ ನಿಂತೊಡನೆ ನಿಲ್ಲುವುದಾದರೆ ಅದು ಎರಚಲು. ಕುಮಟಾ, ಅಂಕೋಲಾ, ಕಾರವಾರದ ಕಡಲ ದಂಡೆಯಲ್ಲಿ ಪಡುವಣ ಗಾಳಿಗೆ ಮುಖ ಮಾಡಿದ ಮನೆಗಳಲ್ಲಿ ಇದೇ ಹೆಚ್ಚು. ಅಲ್ಲಿ ಹಂಚು ಒಡೆದಿರಬೇಕೆಂದಿಲ್ಲ, ಸರಿದಿದ್ದರೂ ಸಾಕು.

ಕೈಗೆಟಕುವ ಹಂಚಾದರೆ

1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹೆಸರಾದ ಮಂಗಳೂರು ಹಂಚಿನ ದೊಡ್ಡ ಗುಣವೆಂದರೆ ಅದನ್ನು ಗಾರೆಯಿಂದ ಅಂಟಿಸಿರುವುದಿಲ್ಲ. ಒಂದರ ಅಂಚಿನ ಕಾಲುವೆ ಇನ್ನೊಂದರ ಉಬ್ಬುಗೆರೆಗೆ ಕೂತು, ಹಿಂಬದಿಯ ಕೊಕ್ಕೆಯಂಥ ಉಬ್ಬು ರೀಪಿಗೆ ಸಿಕ್ಕಿಕೊಂಡಿರುತ್ತದೆ, ಅಷ್ಟೇ. ಮೆತ್ತಿಯ (ಅಟ್ಟದ) ಮೇಲೆ ನಿಂತು ಕೈಗೆಟಕಿದರೆ ಜಾರಿದ ಹಂಚನ್ನು ಅಂಗೈಯಿಂದ ತುಸು ಮೇಲೆತ್ತಿ, ಹಿಂದಕ್ಕೆ ನೂಕಿ, ಉಬ್ಬು ಮತ್ತೆ ರೀಪಿಗೆ ಸಿಕ್ಕುವಂತೆ ಕೂರಿಸಬಹುದು. ದೊಣ್ಣೆಯಿಂದ ತಿವಿಯಬೇಡಿ, ಪಕ್ಕದ ನಾಲ್ಕು ಹಂಚು ಸಡಿಲವಾಗುತ್ತವೆ. ಏಣಿಯ ಮೇಲಿದ್ದರೆ ಕೆಳಗೊಬ್ಬರು ಹಿಡಿದಿರಲಿ.

ಬಿರುಕು ಬಿಟ್ಟ ಹಂಚಿಗೆ ನೆನೆಸಿ ಮೆದುವಾದ ಅಡಿಕೆ ಹಾಳೆ, ಎಣ್ಣೆ ಡಬ್ಬಿಯ ತಗಡು ಅಥವಾ ಹಳೆಯ ಫ್ಲೆಕ್ಸ್ ಬ್ಯಾನರಿನ ತುಂಡು ಸಾಕು. ಚುನಾವಣೆ ಮುಗಿದ ವರ್ಷ ಫ್ಲೆಕ್ಸಿಗೆ ಬರವಿಲ್ಲ. ಯಾವ ಪಕ್ಷದ್ದಾದರೂ ನೀರಿಗೆ ಭೇದವಿಲ್ಲ. ಹಂಚನ್ನು ತುಸು ಎತ್ತಿ ಅದರ ಅಡಿಗೆ ಈ ತುಂಡನ್ನು ಸೇರಿಸಿ. ಮೇಲ್ತುದಿ ಬಿರುಕನ್ನು ದಾಟಿ ರೀಪಿನ ಮೇಲೆ ಹಾದಿರಬೇಕು. ಕೆಳತುದಿ ಕೆಳಸಾಲಿನ ಹಂಚಿನ ಬೆನ್ನ ಮೇಲೆ ಕೂರಬೇಕು. ಕೆಳತುದಿ ಆ ಹಂಚಿನ ಅಡಿಗೆ ಹೋಯಿತೋ, ಹೊರಗೆ ಹರಿಯಬೇಕಾದ ನೀರೆಲ್ಲ ನೆಟ್ಟಗೆ ಮನೆಯೊಳಗೆ.

ಕೈಗೆಟಕದಿದ್ದರೆ ದಂಬೆ

ನಿಲುಕದ ಎತ್ತರದಲ್ಲಿ ತೂತಿದ್ದರೆ ಅದನ್ನು ಮುಚ್ಚುವ ಹಟ ಬೇಡ, ನೀರಿಗೊಂದು ದಾರಿ ಮಾಡಿಕೊಡಿ. ಅಡಿಕೆ ಮರ ಸೀಳಿ ತಿರುಳು ತೆಗೆದ ದಂಬೆಯನ್ನು ಹನಿಯ ಕೆಳಗೆ ಅಡ್ಡ ತೊಲೆಗಳ ಮೇಲಿಟ್ಟು, ಒಂದು ತುದಿ ಸೂರಿನ ಸಂದಿನಿಂದ ಹೊರಗೆ ಹೋಗುವಂತೆ ಮಾಡಿದರೆ ಮಳೆಗಾಲ ದಾಟಬಹುದು. ದಂಬೆ ಇಲ್ಲದವರು ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿಕೊಳ್ಳಲಿ. ತಾಡಪಾಲು ಕಟ್ಟುವುದಾದರೆ ಬಿಗಿಯಾಗಿ, ಒಂದು ಕಡೆಗೆ ವಾಲಿಸಿ ಕಟ್ಟಿ. ಸಡಿಲ ಬಿಟ್ಟರೆ ನಡುವೆ ಹೊಟ್ಟೆ ಬಂದು ಎರಡು ಕೊಡ ನೀರು ನಿಲ್ಲುತ್ತದೆ, ಗಂಟು ಬಿಚ್ಚಿದ ದಿನ ಅಷ್ಟೂ ತಲೆಯ ಮೇಲೆ. ಹಂಚಿನ ಕೆಳಗೆ ಪಿವಿಸಿ ಸೀಲಿಂಗ್ ಹಾಕಿಸಿಕೊಂಡವರಿಗೆ ಇದೆಲ್ಲ ಕಷ್ಟ. ಮೂಲೆಯ ಒಂದೆರಡು ಪಟ್ಟಿ ಬಿಚ್ಚದೆ ನೀರಿನ ಜಾಡು ಸಿಗುವುದಿಲ್ಲ.

ಸ್ಲ್ಯಾಬ್ ಮನೆಯವರಿಗೆ

ಕಾಂಕ್ರೀಟ್ ತಾರಸಿಗೆ ಒಳಗಿನಿಂದ ಮಾಡುವುದು ಹೆಚ್ಚೇನಿಲ್ಲ. ಮಳೆ ತುಸು ಹೊಳವಾದಾಗ ಮೆಟ್ಟಿಲಿದ್ದರೆ ತಾರಸಿಗೆ ಹೋಗಿ, ನೀರು ಹೋಗುವ ಪೈಪಿನ ಬಾಯಿಗೆ ಕಟ್ಟಿದ ಎಲೆ ತೆಗೆಯಿರಿ. ಎಷ್ಟೋ ಸೋರಿಕೆ ಅಲ್ಲಿಗೇ ನಿಲ್ಲುತ್ತದೆ. ಒಳಗೆ ಬಣ್ಣ ಗುಳ್ಳೆ ಎದ್ದು ನೀರು ತುಂಬಿದ್ದರೆ ಕೆಳಗೆ ಬಕೆಟ್ ಇಟ್ಟು ಸೂಜಿಯಿಂದ ಚುಚ್ಚಿ ಬಸಿಯಿರಿ. ಒದ್ದೆ ಸ್ಲ್ಯಾಬಿಗೆ ಪುಟ್ಟಿ ಮೆತ್ತುವುದು ದುಡ್ಡು ದಂಡ: ಒಂದು ಕಡೆ ತಡೆದ ನೀರು ನಾಲ್ಕಡಿ ಆಚೆ ಹೊರಬರುತ್ತದೆ. ಬಿಳಿ ಪುಡಿ ಕಂಡರೆ ಅದು ನೀರಿನೊಂದಿಗೆ ಇಳಿದ ಸುಣ್ಣದ ಅಂಶ, ಅದಕ್ಕೆ ಹೆದರಬೇಕಿಲ್ಲ. ಕಂದು ಕಲೆ ಬೇರೆ ಮಾತು. ಕಡಲ ಉಪ್ಪುಗಾಳಿಯ ಊರಿನಲ್ಲಿ ಕಬ್ಬಿಣದ ಸರಳು ಬೇಗ ತುಕ್ಕು ಹಿಡಿದು ಉಬ್ಬಿ, ಗಾರೆಯನ್ನು ಹಕ್ಕಳೆಯಾಗಿ ಕಳಚಿಸುತ್ತದೆ. ಸರಳು ಕಂಡರೆ, ಸ್ಲ್ಯಾಬ್ ಜಗ್ಗಿದಂತೆ ಕಂಡರೆ ಆ ಕೋಣೆಯಲ್ಲಿ ಮಲಗಬೇಡಿ, ಎಂಜಿನಿಯರ್ ಒಬ್ಬರಿಗೆ ತೋರಿಸಿ.

ಹಂಚಿನ ಮನೆಯವರು ಕೆಳಗಿಳಿಯುವ ಮೊದಲು ಇನ್ನೊಂದು ಕೆಲಸ ಮಾಡಿ. ಹಂಚಿನ ಹಿಂಬದಿಯಲ್ಲಿ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಟಾರ್ಚ್ ಹಿಡಿದು ಅದರದೊಂದು ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಬೇರೆ ಕಾರ್ಖಾನೆಯ ಹಂಚು ಅಳತೆಯಲ್ಲಿ ಕೂದಲಷ್ಟು ಹೆಚ್ಚುಕಡಿಮೆಯಾದರೂ ಕಾಲುವೆಗೆ ಉಬ್ಬುಗೆರೆ ಕೂರುವುದಿಲ್ಲ. ಹಳೆ ಮನೆ ಬಿಚ್ಚುವವರ ಅಂಗಳದಲ್ಲಿ ಹಂಚು ಆರಿಸಲು ಹೋದಾಗ ಆ ಫೋಟೋ ಜೇಬಿನಲ್ಲಿರಲಿ.