ಕೊನೆಯವರು ಬರುವ ತನಕ ಚಹಾ ಇಲ್ಲ: ಓಟದ ಗುಂಪು ಕಟ್ಟುವುದು ಹೇಗೆ?

ಜನವರಿ ಒಂದನೇ ತಾರೀಖು ಬೆಳಿಗ್ಗೆ ಕಲಬುರಗಿಯ ಅಪ್ಪನ ಕೆರೆ ದಂಡೆಗೆ ಹೋಗಿ, ಹೊಸ ಶೂಗಳ ಜಾತ್ರೆಯೇ ನೆರೆದಿರುತ್ತದೆ. ಹದಿನೈದನೇ ತಾರೀಖು ಹೋಗಿ, ಅದೇ ಹಳೇ ವಾಕಿಂಗ್ ಕಾಕಾಗಳು ಮಾತ್ರ. ಓಟದ ಗುಂಪುಗಳು ಹೀಗೆ ಹುಟ್ಟಿ ಹೀಗೆ ಸಾಯುವುದನ್ನು ಮೂರು ಸಲ ಕಂಡಿದ್ದೇನೆ. ಅದರಲ್ಲಿ ಒಂದನ್ನು ಕೊಂದವನು ನಾನೇ. ಹನ್ನೊಂದು ಜನ ಇದ್ದೆವು. ನಾನು ದಿನಾ ಮುಂದೆ ಮುಂದೆ ಓಡಿದೆ. ಎರಡು ವಾರಕ್ಕೆ ಉಳಿದವರು ಇಬ್ಬರು: ನಾನು ಮತ್ತು ನನ್ನ ತಮ್ಮ. ಅವನೂ ಒಂದೇ ಮನೆಯವನು ಅಂತ ಉಳಿದಿದ್ದ. ನಾಲ್ಕನೇ ಗುಂಪು ಎರಡು ವರ್ಷದಿಂದ ನಡೆದಿದೆ.

1. ಜಾಗ, ಹೊತ್ತು

ಕೆರೆ ದಂಡೆ, ಪಬ್ಲಿಕ್ ಗಾರ್ಡನ್, ಚಂದ್ರಶೇಖರ ಪಾಟೀಲ ಕ್ರೀಡಾಂಗಣ, ಯಾವುದಾದರೂ ಸರಿ, ಒಂದನ್ನೇ ಹಿಡಿಯಿರಿ. ರಿಂಗ್ ರಸ್ತೆ ಬೇಡವೇ ಬೇಡ, ಲಾರಿಗಳಿಗೆ ನಿಮ್ಮ ಆರೋಗ್ಯದ ಚಿಂತೆ ಇಲ್ಲ. ಶಹಾಬಾದ್ ಕಲ್ಲು ಹಾಸಿದ ಕಡೆ ಮಳೆ ಬಂದರೆ ನಡೆಯಿರಿ, ಓಡಬೇಡಿ. ಒದ್ದೆಯಾದರೆ ಸಾಬೂನಿನಂತೆ ಜಾರುತ್ತದೆ. ಎರೆ ಮಣ್ಣಿಗೆ ಇಳಿದರಂತೂ ಒಂದೊಂದು ಶೂಗೆ ಅರ್ಧ ಕೇಜಿ ಅಂಟಿಕೊಂಡು ಬರುತ್ತದೆ.

ವಾರಕ್ಕೆ ಮೂರು ದಿನ ಸಾಕು, ಮಧ್ಯೆ ಒಂದೊಂದು ದಿನ ಬಿಡುವು. ಶುರು ಮಾಡಲು ನವೆಂಬರ್ ಒಳ್ಳೆಯದು. ಮೇ ತಿಂಗಳಲ್ಲಿ ಸೂರ್ಯ 5.45ರ ಆಸುಪಾಸಿಗೇ ಹುಟ್ಟುತ್ತಾನೆ, ಏಳಕ್ಕೆಲ್ಲ ಬೆನ್ನು ಸುಡುತ್ತಾನೆ. ಆಗ 5.15ಕ್ಕೆ ಶುರು ಮಾಡಿ ಆರಕ್ಕೆ ಮುಗಿಸಿ.

2. ಜನ

"ಓಡೋಣ ಬರ್ರಿ" ಅಂದರೆ ಯಾರೂ ಬರುವುದಿಲ್ಲ. "ನಡಿಯೋಣ ಬರ್ರಿ, ನಡುವೆ ಒಂಚೂರು ಓಡೋಣ" ಅನ್ನಿ. ಬಿಪಿ, ಶುಗರ್, ಎದೆನೋವಿನ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಿ ಬರಲಿ.

3. ಶೂ

ಸಂಜೆ ಹೊತ್ತು ಕೊಳ್ಳಿ. ದಿನವಿಡೀ ಓಡಾಡಿದ ಪಾದ ತುಸು ಊದಿರುತ್ತದೆ, ಅದೇ ಸರಿಯಾದ ಅಳತೆ. ಬೆರಳಿನ ಮುಂದೆ ಒಂದು ಹೆಬ್ಬೆಟ್ಟಿನಗಲ ಜಾಗ ಇರಲಿ. ದೊಡ್ಡ ಕಂಪನಿಯ ಗುರುತು ಅಂಟಿಸಿದ ನಕಲಿ ಶೂಗೆ ಆಸೆಪಡಬೇಡಿ. ನನ್ನದು ಮೂರನೇ ವಾರಕ್ಕೆ ಮೊಸಳೆಯಂತೆ ಬಾಯಿ ಬಿಟ್ಟಿತು. ಸುತಲಿ ಕಟ್ಟಿಕೊಂಡು ಮನೆಗೆ ಬಂದೆ.

4. ಓಟ

ಎಲ್ಲರೂ ಎಡವುವುದು ಇಲ್ಲೇ. ಮೊದಲ ದಿನವೇ ಶಾಲೆಯ ನೂರು ಮೀಟರ್ ಓಟ ನೆನಪಾಗಿ ದೌಡಾಯಿಸುತ್ತಾರೆ. ಉಸಿರು ಬೇಗ ಹದಕ್ಕೆ ಬರುತ್ತದೆ, ಎಲುಬು, ಸ್ನಾಯುರಜ್ಜುಗಳು ನಿಧಾನ. ಅದಕ್ಕೇ "ಈಗ ದಮ್ ಕಟ್ಟೋದಿಲ್ಲ" ಅಂತ ಹಿಗ್ಗುವ ಹೊತ್ತಿಗೇ ಮೊಣಕಾಲ ಕೆಳಗಿನ ಎಲುಬು ನೋಯಲು ಶುರು.

ಹೀಗೆ ಮಾಡಿ. ಐದು ನಿಮಿಷ ಬಿರುಸಾಗಿ ನಡೆಯಿರಿ. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಇದು ಎಂಟು ಸಲ, ಒಟ್ಟು 24 ನಿಮಿಷ. ಕೊನೆಗೆ ಮತ್ತೆ ಐದು ನಿಮಿಷ ನಡಿಗೆ. ಮುಂದಿನ ವಾರಗಳಲ್ಲಿ ಓಟವನ್ನು ಅರ್ಧರ್ಧ ನಿಮಿಷ ಹೆಚ್ಚಿಸಿ. ಕಷ್ಟ ಅನಿಸಿದರೆ ಅದೇ ವಾರವನ್ನು ಇನ್ನೊಮ್ಮೆ ಮಾಡಿ, ಯಾರೂ ಫೇಲ್ ಮಾಡುವುದಿಲ್ಲ.

ವೇಗ ಎಷ್ಟು? ವಾಚು ನೋಡಬೇಡಿ. ಪಕ್ಕದವರನ್ನು "ರಾತ್ರಿ ಊಟಕ್ಕೇನಿತ್ರಿ?" ಅಂತ ಕೇಳಿ. "ಜ್ವಾಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ" ಅಂತ ಒಂದೇ ಉಸಿರಿಗೆ ಬಂದರೆ ಸರಿ. "ರೊಟ್ಟಿ..." ಅಂದು ಉಸಿರೆಳೆದು, "ಪುಂಡಿ..." ಅಂದು ಮತ್ತೆ ಉಸಿರೆಳೆದರೆ ವೇಗ ಜಾಸ್ತಿಯಾಯಿತು. ಇಳಿಸಿ. ನಡೆಯುವವರು ನಿಮ್ಮನ್ನು ದಾಟಿ ಹೋದರೂ ಪರವಾಗಿಲ್ಲ.

ಇನ್ನು ಹಿಂದೆ ಬಿದ್ದವರ ವಿಷಯ. "ನೀವ್ ನಡೀರಿ, ನಾ ಹಿಂದಿಂದ ಬರ್ತೀನ್ರಿ" ಅಂತ ಯಾರಾದರೂ ಅಂದರೆ ನಂಬಬೇಡಿ, ಅವರು ನಾಡಿದ್ದು ಬರುವುದಿಲ್ಲ. ಲಂಡನ್ನಿನ ಬುಷಿ ಪಾರ್ಕಿನಲ್ಲಿ 2004ರಲ್ಲಿ 13 ಜನ ಓಡಿ ಶುರುವಾದ ಪಾರ್ಕ್‌ರನ್ ಎಂಬ ವಾರದ ಓಟ ಇವತ್ತು ಎಷ್ಟೋ ದೇಶಗಳಿಗೆ ಹಬ್ಬಿದೆ. ಅಲ್ಲಿ ಎಲ್ಲರಿಗಿಂತ ಹಿಂದೆ ನಡೆದು ಬರಲಿಕ್ಕೆಂದೇ ಒಬ್ಬ ಸ್ವಯಂಸೇವಕರಿರುತ್ತಾರೆ. ಹಾಗಾಗಿ ಬಂದವರಲ್ಲಿ ಯಾರೂ ಕೊನೆಯವರಾಗುವುದಿಲ್ಲ. ನಮ್ಮಲ್ಲಿ ಇದಕ್ಕೆ "ಬಾಲ ಹಿಡಿಯೋದು" ಅನ್ನುತ್ತೇವೆ. ಸರದಿ ಪ್ರಕಾರ ಒಬ್ಬೊಬ್ಬರು. ಜೋರು ಓಡುವವರಿಗೆ ಸರದಿ ಜಾಸ್ತಿ, ಅವರಿಗೇ ಅದರ ಅಗತ್ಯ ಇರುವುದು.

ಎರಡನೇ ಉಪಾಯ ಸೀಟಿ. ಎಲ್ಲರೂ ಒಂದೇ ದಿಕ್ಕಿಗೆ ಹೊರಡಿ. ಸರಿಯಾಗಿ 12 ನಿಮಿಷಕ್ಕೆ ಸೀಟಿ ಊದಿ. ಯಾರು ಎಲ್ಲಿದ್ದಾರೋ ಅಲ್ಲೇ ತಿರುಗಿ ಬಂದ ದಾರಿ ಹಿಡಿಯಬೇಕು. ಈಗ ಹಿಂದಿದ್ದವರು ಮುಂದಾದರು! ಮುಂದಿದ್ದವರು ದೂರ ಹೋಗಿದ್ದಾರೆ, ಅವರು ಅಷ್ಟೇ ದೂರ ವಾಪಸ್ ಬರಬೇಕು. ಹೋದ ವೇಗದಲ್ಲೇ ಬಂದರೆ ಎಲ್ಲರೂ ಹೆಚ್ಚುಕಡಿಮೆ ಒಟ್ಟಿಗೇ ಮುಟ್ಟುತ್ತಾರೆ. ನಮ್ಮಲ್ಲೊಬ್ಬ ಟೀಚರಕ್ಕ ಇದ್ದಾರೆ. ಮೊದಲ ದಿನ ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಎಲ್ಲರಿಗಿಂತ ಹಿಂದೆ ಬರುತ್ತಿದ್ದರು. ಸೀಟಿ ಊದಿತು. ತಿರುಗಿದರು. ಮುಂದೆ ಯಾರೂ ಇಲ್ಲ. ಒಂದು ಕ್ಷಣ ನಿಂತು, ಹಿಂದೆ ನೋಡಿ, ಇಡೀ ಕೆರೆಗೆ ಕೇಳುವಂತೆ ಕೂಗಿದರು: "ಏ, ಲಗೂ ಬರ್ರೋ!"

ಮರುದಿನದಿಂದ ಸೀಟಿ ಅವರ ಕೊರಳಲ್ಲೇ.

5. ಚಹಾ

ಓಡಿ ಮುಗಿಸಿ ಬೈಕ್ ಹತ್ತಿ ಹೋಗುವುದಾದರೆ ಗುಂಪು ಯಾಕೆ, ಅಲ್ವಾ? ಮೊದಲು ನೀರು ಅಥವಾ ಉಪ್ಪು ಹಾಕಿದ ಮಜ್ಜಿಗೆ, ಆಮೇಲೆ ಚಹಾ. ಸುಸಲಾ-ಮಿರ್ಚಿ ವಾರಕ್ಕೊಮ್ಮೆ ಸಾಕು (ನಾನು ಎರಡು ಸಲ ತಿನ್ನುತ್ತೇನೆ). ಒಬ್ಬರಿಗೆ ಬಾಡಿಗೆ ಮನೆ ಸಿಕ್ಕಿದ್ದು, ಇನ್ನೊಬ್ಬರ ತಾಯಿಗೆ ಆಪರೇಷನ್ ಆದಾಗ ರಕ್ತ ಕೊಡಲು ನಾಲ್ವರು ಹೋಗಿದ್ದು ಈ ಚಹಾ ಬಂಡಿ ಮುಂದಿನ ಮಾತಿನಿಂದಲೇ.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೊತ್ತು ಮತ್ತು ಜಾಗ ಅಷ್ಟೇ ಹಾಕಿ. "ಇವತ್ತು ಹತ್ತು ಕಿಲೋಮೀಟರ್" ಅಂತ ಆ್ಯಪಿನ ಫೋಟೊ ಹಾಕುವವರನ್ನು ಪ್ರೀತಿಯಿಂದ ಸುಮ್ಮನಾಗಿಸಿ, ಹೊಸಬರು ಓಡಿಹೋಗುವುದು ಅದನ್ನು ನೋಡಿಯೇ. ಎರಡು ದಿನ ಬಾರದವರನ್ನು ಗುಂಪಿನಲ್ಲಿ ಕೇಳಬೇಡಿ, ಫೋನ್ ಮಾಡಿ.

ಕೊನೆಯವರು ಬರುವ ತನಕ ಗ್ಲಾಸು ಮುಟ್ಟುವಂತಿಲ್ಲ. ಚಹಾ ಕೆನೆ ಕಟ್ಟಿದರೂ ಸರಿ. ಹೊಸಬರು ಬಂದ ದಿನ ಅವರ ಚಹಾದ ದುಡ್ಡು ಅವತ್ತು ಬಾಲ ಹಿಡಿದವರದು.